ಹಿಂದಿನ ಬೆಂಚಿನ ದನಿ

ಶಿವಗಂಗಾ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದಳು. ಅವಳಿನ್ನೂ ಪ್ರಶ್ನೆಯನ್ನೇ ರೆಕಾರ್ಡ್ ಮಾಡಿಲ್ಲ, ವೈಜನಾಥನ ಉತ್ತರ ಆಗಲೇ ಬಂದು ಕೂತಿದೆ! "ನನಗೆ ಸಮುದ್ರ ಇಷ್ಟ, ಇನ್ನೂ ನೋಡಿಲ್ಲ," ಎಂದು ಜಪಾನಿಯಲ್ಲಿ ನುಣ್ಣಗೆ ಹೇಳುತ್ತಿತ್ತು ಆ ದನಿ. ಅವಳು ಕೇಳಬೇಕೆಂದಿದ್ದೇ ಅದನ್ನು.

ಈಚೆಗೆ ಹೀಗೇ ಆಗುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು. ಆದರೂ ಹುಡುಗಿಯ ಹುಚ್ಚು ನೋಡಿ, ಹೆಡ್‌ಫೋನ್ ಮತ್ತೆ ಕಿವಿಗೇರಿತು.

ಬ್ರಾಡ್‌ಬ್ಯಾಂಡ್ ಮನೆಮನೆಗೆ ಬರುತ್ತಿದ್ದ ಹೊಸತು. ನಾರಾಯಣಗೂಡದ ಆ ಜಪಾನಿ ಕ್ಲಾಸಿನಲ್ಲಿ ಭಾನುವಾರ ಬೆಂಚಿನ ಮೇಲೆ ಪಾಠ, ವಾರವಿಡೀ ಆನ್‌ಲೈನ್‌ನಲ್ಲಿ ಜೋಡಿ ಅಭ್ಯಾಸ. ಒಬ್ಬರು ಪ್ರಶ್ನೆ ರೆಕಾರ್ಡ್ ಮಾಡಿಡಬೇಕು, ಇನ್ನೊಬ್ಬರು ಉತ್ತರ. ಬೀದರಿನ ಶಿವಗಂಗಾಳಿಗೆ ಜೋಡಿ ಸಿಕ್ಕವನು ಕಲಬುರಗಿಯ ವೈಜನಾಥ, ಅವಳಂತೆಯೇ ಐಟಿ ಕೆಲಸಕ್ಕೆಂದು ಈ ಊರಿಗೆ ಬಂದವನು. ಆನ್‌ಲೈನ್‌ನಲ್ಲಿ ಅವನ ಮಾತು ಜೇನು. ಕ್ಲಾಸಿನಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ. ಅವಳು ತಿರುಗಿದಾಗೆಲ್ಲ ಅವನ ಕಣ್ಣು ಅವಳ ಮೇಲೇ ಇರುತ್ತಿತ್ತು, ರೆಪ್ಪೆ ಬಡಿಯದೆ.

ಆ ಭಾನುವಾರ ಅಹಲ್ಯಾ ಮೇಡಂ ಕೇಳಿದರು: ಮುಂದಿನ ತಿಂಗಳಿಂದ ಯಾರಿಗೆ ಕ್ಲಾಸು, ಯಾರಿಗೆ ಪೂರ್ತಿ ಆನ್‌ಲೈನ್? ದೂರದ ಉಪ್ಪಲ್‌ನಿಂದ ಬರುವಷ್ಟರಲ್ಲಿ ಪಾಠವೇ ಮುಗಿದಿರುತ್ತದೆ, ಆನ್‌ಲೈನೇ ವಾಸಿ ಎಂದ ದಿನೇಶ. ತನ್ವಿಗೆ ಎದುರಿಗೆ ಮುಖವಿಲ್ಲದಿದ್ದರೆ ಮಾತೇ ಹೊರಡುವುದಿಲ್ಲವಂತೆ. ಶಿವಗಂಗಾ ಇನ್ನೂ ಕೈ ಎತ್ತಿರಲಿಲ್ಲ. ಕ್ಲಾಸು ಬಿಟ್ಟರೆ ವೈಜನಾಥ ಬರೀ ದನಿಯಾಗಿಬಿಡುತ್ತಾನೆ. ಬಿಡದಿದ್ದರೆ ಬೆನ್ನ ಹಿಂದೆ ಆ ಕಣ್ಣು. ಅವನ ಮೇಲೆ ಮನಸ್ಸಾಗಿತ್ತು, ಅವನೆಂದರೆ ಭಯವೂ ಇತ್ತು.

ಬ್ರೇಕಿನಲ್ಲಿ ಎಲ್ಲರೂ ಚಹಾಕ್ಕೆ ಹೋದಾಗ ಅವನನ್ನು ತಡೆದಳು.

"ನಾ ಕೇಳೂಕಿಂತ ಮೊದಲ ನಿಮಗ ಹೆಂಗ ಗೊತ್ತಾಗ್ತೈತ್ರಿ?"

ಅವನ ತುಟಿ ನಡುಗಿತು. "ನೀ... ನೀವು ಮುಂದಿನ ಪ್ರಶ್ನೆ ಬಾಯಾಗ ಬಾಯಾಗ ಅನ್ಕೋತ ಕೂಡ್ತೀರಿ. ಹಿಂದ ಕೂ... ಕೂತಾಂವಗ ಕೇಳಿಸ್ತೈತ್ರಿ."

ಅಯ್ಯೋ, ಉಗ್ಗು!

"ರೂಮಿನ್ಯಾಗ ರೆಕಾರ್ಡ್ ಎಷ್ಟು ಸಲಾರ ಅಳಿಸಿ ಮಾತಾಡಬಹುದು," ಎಂದ ಅವನು, ತಲೆ ತಗ್ಗಿಸಿ. "ಇಲ್ಲಿ ಅ... ಅಳಿಸಾಕ ಬರಂಗಿಲ್ರಿ."

ಅವಳಿಗೆ ನಗು ಉಕ್ಕಿತು. "ಇಷ್ಟೇನ್ರಿ! ನಾ ಭಾಳ ಅಂಜಿದ್ದೆ." ಮರುಕ್ಷಣವೇ ನಗು ನಿಂತಿತು. "ಹಂಗಾರ ಇವತ್ತ ಮುಂಜಾನಿ ಬಂದಿದ್ದು? 'ಹೌದು, ನನಗೂ ನೀವಂದ್ರ ಇಷ್ಟ' ಅಂತ? ಆ ಪ್ರಶ್ನೆ ನಾ ಎಲ್ಲೂ ಬಾಯಿ ಬಿಟ್ಟು ಅಂದಿಲ್ರಿ."

ಅವನ ಮುಖ ಬಿಳಿಚಿತು. "ನಾ ಇವತ್ತ ಏನೂ ಕಳ್ಸಿಲ್ರಿ."

ಫ್ಯಾನು ಕಿರುಗುಟ್ಟುತ್ತಿತ್ತು. ಇಬ್ಬರೂ ಎಲ್ಲರ ರೆಕಾರ್ಡಿಂಗ್ ಬಂದು ಸೇರುವ ಮೂಲೆಯ ಕಂಪ್ಯೂಟರಿನ ಕಪ್ಪು ಪರದೆಯತ್ತ ನೋಡಿದರು.

"ಅಂದ್ರ ಅದು ಸುಳ್ಳೇನ್ರಿ?" ಅವಳ ದನಿ ಒಡೆಯಿತು.

"ಖ... ಖ..." ಅವನ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು. ಅವಳು ಅವಸರಪಡಿಸಲಿಲ್ಲ. ತನ್ನ ಕೈಯನ್ನು ಅವನ ಕೈಯಲ್ಲಿಟ್ಟು ಕಾದಳು.

"ಖರೇ ಐತ್ರಿ."

ಬಾಗಿಲಲ್ಲಿ ಮೇಡಂ ಬಂದು ನಿಂತಿದ್ದರು. ಶಿವಗಂಗಾ ಕೈ ಬಿಡದೆಯೇ ಹೇಳಿದಳು, "ಮೇಡಂ, ನಮಗಿಬ್ಬರಿಗೂ ಕ್ಲಾಸೇ ಬೇಕ್ರಿ."