ಕಾಗದ ಮುಟ್ಟದ ಕತ್ತರಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ನಲ್ಲಿಯಲ್ಲಿ ನೀರು ಬಂತು. ಅವಳು ಹಿಡಿದಿಟ್ಟಳು. ಅಳು ಮಾತ್ರ ಬರಲಿಲ್ಲ.

ಗಂಡನ ಮೇಜಿನ ಮೇಲೆ ಹಳೆಯ ಪತ್ರಿಕೆಗಳ ಜಾಹೀರಾತುಗಳು ಹಾಗೇ ಬಿದ್ದಿದ್ದವು. ಸೋಪು, ಸ್ನೋ, ಪೌಡರು... ಎಲ್ಲದರಲ್ಲೂ ನಗುವ ಬಿಳಿ ಹೆಂಗಸರು. ಅವರನ್ನು ಕತ್ತರಿಸಿ ತೆಗೆದು, ಉಳಿದ ಖಾಲಿ ಆಕಾರಗಳಲ್ಲಿ ಪತ್ರಿಕೆಗಳದೇ ಬಣ್ಣದ ಚೂರು ಅಂಟಿಸಿ ಬೇರೆ ಮೈಬಣ್ಣ ತುಂಬುವುದು ಅವನ ಕಲೆ.

ಕೊನೆಯ ಜಗಳವೂ ಅದಕ್ಕೇ ಆಗಿತ್ತು.

"ದಿನವಿಡೀ ಈ ಬಿಳಿ ಮುಖಗಳ ಜೊತೆಗೇ ಇರ್ತೀರ. ಒಂದ್ಸಲನಾದ್ರೂ ನನ್ನ ಮುಖ ಮಾಡಿದೀರಾ?"

"ನಿನ್ನ ಬಣ್ಣ ಇದ್ರಲ್ಲಿ ಎಲ್ಲೂ ಇಲ್ಲ ಕಣೇ," ಎಂದಿದ್ದ.

ಕರಿಯವಳು ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡ ಕಿವಿ ಅದು. ಅವಳು ಮಾತು ಬಿಟ್ಟಳು. ಮತ್ತೆ ಮಾತಾಡುವ ಮೊದಲೇ ಅವನ ಎದೆಬಡಿತ ನಿಂತುಹೋಯಿತು.

ಹಾಗಾದರೆ... ಅವನಿಗೂ ನನ್ನ ಮುಖ ಬೇಡವಾಗಿತ್ತೇ?

ಕಾಗದಗಳ ಕೆಳಗೆ ಭಾರದ ಕತ್ತರಿಯೊಂದು ಸಿಕ್ಕಿತು. ಅವನದಲ್ಲ, ಅವನು ಸಣ್ಣ ಬ್ಲೇಡಿನಲ್ಲಿ ಕೆಲಸ ಮಾಡುವವನು. ಹಿಡಿಗೆ ಕೆಂಪು ಚಿಂದಿ ಸುತ್ತಿತ್ತು. ಕೆಳಗಿನ ಮನೆಯ ಟೈಲರ್ ಅಕ್ಕನದು!

ಅವಳು ಮೆಟ್ಟಿಲಿಳಿದಳು.

"ಅಕ್ಕಾ, ಇದು... ಅವರು ತಂದಿದ್ರು ಅನ್ಸತ್ತೆ."

ಟೈಲರ್ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ, ಅಲಗನ್ನು ಹೆಬ್ಬೆರಳಿನಿಂದ ಸವರಿದಳು.

"ಪುಣ್ಯಾತ್ಮ! ಕಾಗದ ಕತ್ತರಿಸಿಲ್ಲ. ಕಾಗದ ತಗುಲಿದ್ರೆ ಮೊಂಡಾಗತ್ತೆ ಅಂತ ನನ್ನ ಗಂಡನಿಗೂ ಇದನ್ನ ಮುಟ್ಟೋಕೆ ಬಿಡಲ್ಲ ನಾನು."

"ಮತ್ತೆ ಯಾಕೆ ತಗೊಂಡ್ರು?"

"ಬಟ್ಟೆಗೆ! ನಿನಗೆ ಹೇಳ್ಲಿಲ್ವಾ? ಚಿಂದಿ ಮೂಟೆ ಪೂರ್ತಿ ನೆಲಕ್ಕೆ ಸುರ್ಕೊಂಡು ಕೂತಿದ್ದ. ಒಂದೊಂದೇ ಚೂರು ಬೆಳಕಿಗೆ ಹಿಡಿದು, 'ಇದು ಅವಳ ಕೆನ್ನೆಯಲ್ಲ... ಇದೂ ಅಲ್ಲ' ಅಂತಿದ್ದ. 'ಅಷ್ಟು ಪತ್ರಿಕೆ ಹುಡುಕಿದ್ರೂ ಅವಳ ಬಣ್ಣ ಸಿಗ್ಲಿಲ್ಲ ಅಕ್ಕಾ, ಇಂಥ ಚೆಲುವೆ ಯಾರ ಕಣ್ಣಿಗೂ ಬೀಳ್ಲೇ ಇಲ್ವಾ' ಅಂತ ಬೇರೆ ಗೋಳು! ನನ್ನ ತಲೆ ತಿಂದುಬಿಟ್ಟ."

ಎಲ್ಲೂ ಇಲ್ಲ ಕಣೇ... ಅದೇ ಮಾತು. ಈ ಸಲ ಅದು ಚುಚ್ಚಲಿಲ್ಲ.

"ಸಿಕ್ತಾ ಅಕ್ಕಾ... ಕೊನೆಗೆ?"

ಟೈಲರ್ ಅಕ್ಕ ಕತ್ತರಿ ಅಗಲಿಸಿದಳು. ಅಲಗುಗಳ ಸಂದಿಯಲ್ಲಿ ಕಂದು ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಅವಳ ಕೆನ್ನೆಯ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲಿ ಹೋಯ್ತೇ ಈ ನೂಲು? ಕಾಣಿಸ್ತಾನೇ ಇಲ್ವಲ್ಲ!... ಸಿಕ್ಕಿದೆ ಕಣೇ ಅವನಿಗೆ."

ಅಕ್ಕ ಅದನ್ನು ತೆಗೆಯಲು ಬೆರಳು ಚಾಚಿದಳು. ಅವಳು ಆ ಕೈ ಹಿಡಿದಳು.

"ಬೇಡ ಅಕ್ಕಾ... ಹಾಗೇ ಇರ್ಲಿ."