ಝಲ್ಮಿ ಕೊಟ್ಟ ತಪ್ಪು ಉತ್ತರ

"ಹೇಳಪ್ಪ ಝಲ್ಮಿ, ನೋಹ ಆ ದೊಡ್ಡ ಹಡಗು ಕಟ್ಟೋಕೆ ಎಷ್ಟು ವರ್ಷ ತಗೊಂಡ?"

ಅದು ಯೆಹೂದಿ ಶಾಲೆಯ ಪ್ರವೇಶ ಪರೀಕ್ಷೆ. ಹೆಡ್‌ಮಾಸ್ಟರ್ ರಬ್ಬಿ ಫೆಲ್ಡಿಂಗರ್ ನಗುತ್ತಾ ಕೇಳಿದರು. ಝಲ್ಮಿಯ ಒಂದು ಕಡೆ ಅಪ್ಪ, ಇನ್ನೊಂದು ಕಡೆ ತಾತ ಕುಳಿತಿದ್ದರು. ತಾತ ಹಬ್ಬಕ್ಕೆ ಹಾಕುವ ಕಪ್ಪು ಕೋಟನ್ನೇ ಹಾಕಿಕೊಂಡು ಬಂದಿದ್ದರು.

ನೂರ ಇಪ್ಪತ್ತು ವರ್ಷ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಝಲ್ಮಿ ಹೇಳುತ್ತಿದ್ದ. ಅಷ್ಟು ವರ್ಷ ಯಾಕೆ ಬೇಕಾಯಿತು ಅನ್ನುವುದೂ ಗೊತ್ತಿತ್ತು. ಪ್ರಳಯ ಬರುತ್ತದೆಂದು ತಿಳಿದು ಜನ ತಿದ್ದಿಕೊಳ್ಳಲಿ ಎಂದು ದೇವರು ಸಮಯ ಕೊಟ್ಟಿದ್ದ. ಲಂಡನ್ನಿಗೆ ಬಂದಾಗಿನಿಂದ ಪ್ರತಿ ಶನಿವಾರ, ವಿಶ್ರಾಂತಿಯ ದಿನವಾದ ಶಬ್ಬಾತ್‌ನ ಮಧ್ಯಾಹ್ನ, ತಾತ ಧರ್ಮಗ್ರಂಥದ ಸಾಲಿಗೆ ಬೆರಳಿಟ್ಟು ಇದನ್ನೆಲ್ಲ ಹೇಳಿಕೊಟ್ಟಿದ್ದರು.

"ಏಳು ದಿನ," ಅಂದ ಝಲ್ಮಿ.

ತಾತ ಕೆಮ್ಮಿದರು. "ಹೆದರಿದಾನೆ. ಇನ್ನೊಂದು ಕೇಳಿ."

ಅವನೇನೂ ಹೆದರಿರಲಿಲ್ಲ. ಇದು ಅವನ ಚಿಕ್ಕಪ್ಪನ ಮಗ ಉಶೇರ್ ಹೂಡಿದ ಆಟ. ಝಲ್ಮಿಯ ಮನೆಯವರು ಗೇಟ್ಸ್‌ಹೆಡ್ ಊರು ಬಿಟ್ಟು ಲಂಡನ್ನಿಗೆ ಬಂದು ಒಂದು ತಿಂಗಳಾಗಿತ್ತಷ್ಟೆ. ಹುಡುಗನನ್ನು ಯಾವ ಶಾಲೆಗೆ ಹಾಕುವುದು? ತಾತ ನಲವತ್ತು ವರ್ಷ ಮೇಷ್ಟ್ರಾಗಿದ್ದ ಈ ಪುಟ್ಟ ಶಾಲೆಗೋ, ದೊಡ್ಡ ಅಂಗಳವಿರುವ ಉಶೇರ್‌ನ ಶಾಲೆಗೋ? ತಾತನ ಸಂಭ್ರಮ ನೋಡಿ ಝಲ್ಮಿಗೆ ಬೇಡ ಅನ್ನಲು ಬಾಯಿ ಬಂದಿರಲಿಲ್ಲ.

"ಅಯ್ಯೋ ಪೆದ್ದ, ಟೆಸ್ಟಲ್ಲಿ ಫೇಲ್ ಆಗು. ಮುಗೀತು!" ಅಂದಿದ್ದ ಉಶೇರ್. ಅವನಿಗೆ ಇಂಥ ಐಡಿಯಾಗಳು ಬೇಗ ಹೊಳೆಯುತ್ತವೆ, ಲೆಕ್ಕ ಮಾತ್ರ ಹೊಳೆಯುವುದಿಲ್ಲ.

ಹೆಡ್‌ಮಾಸ್ಟರ್ ಇನ್ನೂ ಮೂರು ಪ್ರಶ್ನೆ ಕೇಳಿದರು. ಝಲ್ಮಿ ಮೂರಕ್ಕೂ ತಪ್ಪು ಹೇಳಿದ.

ಅವರು ಪುಸ್ತಕ ಮುಚ್ಚಿದರು. "ಇವನಿಗೆ ಯಾರು ಪಾಠ ಹೇಳಿದ್ದು?"

ತಾತ ಎದ್ದು ನಿಂತರು. ನಿಲ್ಲಬೇಕಾಗೇನೂ ಇರಲಿಲ್ಲ.

"ನಾನೇ. ಕ್ಷಮಿಸಬೇಕು ರಬ್ಬಿ. ವಯಸ್ಸಾಯ್ತು ನೋಡಿ, ಏನೇನೋ ಕಲಿಸಿಬಿಟ್ಟಿದೀನಿ. ಹುಡುಗನ ತಪ್ಪಲ್ಲ."

"ಛೆ, ಕೂತ್ಕೊಳ್ಳಿ ರೆಬ್ ಲೀಬಿಶ್," ಅಂದರು ಹೆಡ್‌ಮಾಸ್ಟರ್ ತಾತನಿಗೆ ಮರ್ಯಾದೆಯಿಂದ. ಝಲ್ಮಿಯ ಕಿವಿ ಬಿಸಿಯಾಯಿತು. ಈಗಲೂ ನಿಜ ಹೇಳಿಬಿಡಬಹುದಿತ್ತು. ಅವನು ಶೂ ನೋಡುತ್ತಾ ಕುಳಿತ.

ಉಶೇರ್‌ನ ಶಾಲೆಯಲ್ಲಿ ಸೀಟು ಸಿಕ್ಕಿತು. ದೊಡ್ಡ ಅಂಗಳ, ಫುಟ್‌ಬಾಲ್, ಎಲ್ಲ ಇತ್ತು. ಉಶೇರ್ "ಪಾಸ್ ಮಾಡೋ!" ಅಂತ ಕಿರುಚುತ್ತಿದ್ದ. ಝಲ್ಮಿಗೆ ಮಾತ್ರ ಎದ್ದು ನಿಂತ ತಾತನೇ ಕಾಣುತ್ತಿದ್ದರು.

ಶಬ್ಬಾತ್ ಮಧ್ಯಾಹ್ನ ಎಂದಿನಂತೆ ತಾತನ ಮನೆಗೆ ಹೋದ. ಮೇಜಿನ ಮೇಲೆ ಚಹಾ ಇತ್ತು, ಚಾಕೊಲೇಟ್ ಕೇಕ್ ಇತ್ತು, ಪುಸ್ತಕ ಇರಲಿಲ್ಲ.

"ಇವತ್ತು ಪಾಠ ಇಲ್ವಾ ತಾತ?"

"ಇನ್ನು ಬೇಡ ಮರಿ. ಶಾಲೇಲಿ ಮೇಷ್ಟ್ರ ಹತ್ರಾನೇ ಕಲಿ. ಪಕ್ಕದ್ಮನೆ ಹುಡುಗ್ರಿಗೂ ಬರ್ಬೇಡಿ ಅಂದೆ. ತಪ್ಪು ಕಲಿಸೋದು ಪಾಪ ಕಣೋ."

ಝಲ್ಮಿ ಕೇಕಿನ ತಟ್ಟೆ ಪಕ್ಕಕ್ಕೆ ಸರಿಸಿದ.

"ನೀವು ಸರಿಯಾಗೇ ಕಲಿಸಿದ್ರಿ. ನಂಗೆ ಎಲ್ಲಾ ಗೊತ್ತಿತ್ತು. ಉಶೇರ್ ಶಾಲೆಗೆ ಹೋಗ್ಬೇಕು ಅಂತ ಬೇಕಂತ್ಲೇ ತಪ್ಪು ಹೇಳ್ದೆ."

"ಎಲ್ಲಾ ಗೊತ್ತಿತ್ತಾ?" ತಾತನ ಮುಖ ಅರಳಿತು. "ಹಾಗಾದ್ರೆ ನಾನು ಕೆಡಿಸಿಲ್ಲ!" ಅನ್ನುತ್ತಾ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲನೆ ಕೇಳಿದರು: "ಅದನ್ನ ನಂಗೇ ಹೇಳಬಾರ್ದಿತ್ತೇನೋ? ಅಲ್ಲಿ ನಾನು ಎದ್ದು ನಿಂತಾಗ ನೀನು ಪಕ್ಕದಲ್ಲೇ ಇದ್ದೆ."

"ಹೂಂ."

ಚಹಾ ತಣ್ಣಗಾಯಿತು.

"ಸೋಮವಾರ ರಬ್ಬಿ ಫೆಲ್ಡಿಂಗರ್ ಹತ್ರ ಹೋಗಿ ನಿಜ ಹೇಳ್ತೀನಿ," ಅಂದ ಝಲ್ಮಿ.

"ಒಬ್ಬನೇನಾ? ನಾನೂ ಬರ್ತೀನಿ ಇರು."

"ಬೇಡ ತಾತ," ಅಂದ ಝಲ್ಮಿ ತಲೆ ಎತ್ತದೆ. "ನೀವು ಬಂದ್ರೆ ಮತ್ತೆ ನೀವೇ ಕ್ಷಮೆ ಕೇಳ್ಬಿಡ್ತೀರ."