ಸತ್ತವನು ಹೊಡೆದ ಹದಿನಾಲ್ಕು ಗೋಲು

“ನನ್ನ ಗಂಡ ಸತ್ತಾನಂತ ಬರಕೊಳ್ರಿ ಬಾಯಿಸಾಹೇಬ್ರ.”

2025ರ ಮಾರ್ಚ್ 10, ಸೋಮವಾರ, ಬೆಳಿಗ್ಗೆ 10.40ಕ್ಕೆ ವಾಡಿ ಪೊಲೀಸ್ ಠಾಣೆಗೆ ಬಂದ ದೂರು ಇದು. ಕೊಟ್ಟವಳು ರಾವೂರಿನ ಹಣಮವ್ವ. ಪಕ್ಕದಲ್ಲಿ ಮಗಳು ಪೂನಮ್, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಫೈಲು.

ಪಿಎಸ್ಐ ಜಯಮಾಲಾ ಪೆನ್ನು ಎತ್ತಿಕೊಂಡರು. “ಯಾವಾಗ ತೀರಿಕೊಂಡ್ರವ್ವಾ?”

“ಎರಡು ವರ್ಷ ಆಗ್ಲಿಕ್ಕೆ ಬಂತ್ರಿ.”

ಪೆನ್ನು ಮತ್ತೆ ಮೇಜಿಗಿಳಿಯಿತು. ಹದಿಮೂರು ವರ್ಷದ ಸರ್ವೀಸಿನಲ್ಲಿ ಜಯಮಾಲಾ ಸತ್ತವರ ಬಗ್ಗೆ ಬೇಕಾದಷ್ಟು ದೂರು ಬರೆದುಕೊಂಡಿದ್ದರು. ಸತ್ತವನು ಸತ್ತಿದ್ದಾನೆಂದು ದೂರು ಕೊಡಲು ಬಂದವರು ಇವರೇ ಮೊದಲು.

“ಕುಂದ್ರಿ. ನಿಧಾನ ಹೇಳ್ರಿ.”

ಪೂನಮ್ ಮೂರು ಕಾಗದ ಹರವಿದಳು. ಮೊದಲನೆಯದು ತಂದೆ ಸೂರ್ಯಕಾಂತನ ಮರಣ ಪ್ರಮಾಣಪತ್ರ. ಸರಕಾರಿ ಶಾಲೆಯ ದೈಹಿಕ ಶಿಕ್ಷಕನಾಗಿದ್ದ ಆತ 2023ರ ಜೂನ್ 14ರಂದು ಎದೆನೋವಿನಿಂದ ಸತ್ತಿದ್ದ. ಎರಡನೆಯದು ಇಲಾಖೆಯ ಪತ್ರ. ಪೂನಮ್‌ಳ ಅನುಕಂಪದ ನೌಕರಿಯ ಆದೇಶ ಸಿದ್ಧವಾಗಿತ್ತು; ಆದರೆ ‘ನಿಮ್ಮ ತಂದೆ ಜೀವಂತವಿರುವ ಬಗ್ಗೆ ಅರ್ಜಿ ಬಂದಿರುವುದರಿಂದ’ ಅದನ್ನು ತಡೆಹಿಡಿಯಲಾಗಿತ್ತು. ಮೇ 31ರೊಳಗೆ ಸಮಜಾಯಿಷಿ ಕೊಡದಿದ್ದರೆ ಅರ್ಜಿ ವಜಾ. ಮೂರನೆಯದು ಕಾಗಿಣಾ ವಲಯ ಫುಟ್‌ಬಾಲ್ ಸಂಸ್ಥೆಯ ಮಿರಿಮಿರಿ ಮಿಂಚುವ ಸ್ಮರಣ ಸಂಚಿಕೆ. ಅದರ ಒಂಬತ್ತನೇ ಪುಟದಲ್ಲಿ, 2024-25ನೇ ಸಾಲಿನ ಶ್ರೇಷ್ಠ ಗೋಲುಗಾರ: ಸೂರ್ಯಕಾಂತ, ಚಿಂಚೋಳಿ ಯುವಕ ಸಂಘ, ಹದಿನಾಲ್ಕು ಗೋಲು.

“ಅದೇ ಹೆಸರಿನವರು ಬ್ಯಾರೆ ಯಾರರೇ ಇರಬಹುದಲ್ಲ?”

“ಹುಟ್ಟಿದ ತಾರೀಖು, ನೋಂದಣಿ ನಂಬರು ಎಲ್ಲಾ ಅಪ್ಪಂದೇ ಅದಾವ್ರಿ ಮೇಡಂ,” ಎಂದಳು ಪೂನಮ್. “ಮರಣ ಪ್ರಮಾಣಪತ್ರ ತೋರಸಿದ್ರ ಆಫೀಸ್‌ನ್ಯಾಗ ನಗ್ತಾರ. ಸತ್ತಾಂವ ಗೋಲ್ ಹ್ಯಾಂಗ ಹೊಡೀತಾನ, ಅದಕ್ಕ ಉತ್ತರ ತಾ ಅಂತಾರ.”

ಮಧ್ಯಾಹ್ನ 12.15ಕ್ಕೆ ಎಫ್ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 336(3) ಮತ್ತು 340(2): ಖೊಟ್ಟಿ ದಾಖಲೆ ಸೃಷ್ಟಿ, ಅದರ ಬಳಕೆ. ಆರೋಪಿ ಅಪರಿಚಿತ.

ಮರುದಿನ ಬೆಳಿಗ್ಗೆ 11ಕ್ಕೆ ಜಯಮಾಲಾ ಹೆಡ್ ಕಾನ್‌ಸ್ಟೆಬಲ್ ಮಡಿವಾಳಯ್ಯನವರನ್ನು ಕರೆದುಕೊಂಡು ಶಹಾಬಾದಿನಲ್ಲಿರುವ ಸಂಸ್ಥೆಯ ಕಚೇರಿಗೆ ಹೋದರು. ಮಡಿವಾಳಯ್ಯ ಹರೆಯದಲ್ಲಿ ವಾಡಿಯ ಮೈದಾನದಲ್ಲಿ ಫುಟ್‌ಬಾಲ್ ಆಡಿದವರು. ಈಗ ಹೊಟ್ಟೆ ಬಂದಿದೆ; ಆಟದ ಮಾತು ಬಂದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ.

ಸಂಸ್ಥೆಯ ಅಧ್ಯಕ್ಷ ಅಜಯಕುಮಾರನ ಕೋಣೆಯಲ್ಲಿ ಒಂದೂ ಚೆಂಡು ಇರಲಿಲ್ಲ. ಕೋಟು ಹಾಕಿಕೊಂಡು ಪರದೇಶದ ಹೋಟೆಲುಗಳ ಮುಂದೆ ನಿಂತ ಅವನ ಫೋಟೋಗಳು ಮಾತ್ರ ಗೋಡೆ ತುಂಬ ಇದ್ದವು. ಅವನ ಲೆಕ್ಕಾಚಾರ ಸರಳವಾಗಿತ್ತು. ವಲಯದ ಅಧ್ಯಕ್ಷನಾದವನಿಗೆ ರಾಜ್ಯ ಸಂಸ್ಥೆಯಲ್ಲಿ ಕುರ್ಚಿ, ಅಲ್ಲಿಂದ ರಾಷ್ಟ್ರೀಯ ಒಕ್ಕೂಟ, ಅಲ್ಲಿಂದ ಏಷ್ಯಾದ ಸಮಿತಿ, ಅಲ್ಲಿಂದ ಜಗತ್ತಿನ ಫುಟ್‌ಬಾಲ್ ಆಳುವ ಮೇಜು. ಆ ಮೇಜಿನಲ್ಲಿ ದೇಶ ದೊಡ್ಡದಿರಲಿ ಸಣ್ಣದಿರಲಿ, ಎಲ್ಲರಿಗೂ ಒಂದೇ ವೋಟು. ಹಾಗಾಗಿ ಒಂದೊಂದು ವೋಟಿಗೂ ಅಲ್ಲಿ ಅಳಿಯತನದ ಉಪಚಾರ. ಇಷ್ಟೆಲ್ಲ ಏಣಿಯ ಬುಡ ನಿಂತಿರುವುದು ಈ ಸುಣ್ಣದ ಕಲ್ಲಿನ ಸೀಮೆಯ ಹನ್ನೆರಡು ಕ್ಲಬ್ಬುಗಳ ಮೇಲೆ. ವರ್ಷಕ್ಕೆ ಆರು ಪಂದ್ಯ ಆಡಿದ ಕ್ಲಬ್ಬಿಗಷ್ಟೇ ಮತದ ಹಕ್ಕು. ಫೆಬ್ರುವರಿ 23ರ ಚುನಾವಣೆಯಲ್ಲಿ ಅಜಯಕುಮಾರ ಏಳು ಮತ ಪಡೆದ. ಎದುರಾಳಿ, ಸೇಡಂನ ಹಣಮಂತರಾಯ, ಐದು.

“ಚಿಂಚೋಳಿ ಕ್ಲಬ್ ಯಾರ ಕಡಿ ಇತ್ರಿ?” ಜಯಮಾಲಾ ಕೇಳಿದರು.

“ಮತದಾನ ಗುಪ್ತ ಇರ್ತದ ಮೇಡಂ. ಚಹಾ ತರಸ್ಲೇನು?”

“ಬ್ಯಾಡ್ರಿ. ಸೂರ್ಯಕಾಂತ ಆಡೋದು ನೀವು ನೋಡೀರೇನು?”

“ನಾ ಮೈದಾನಕ್ಕ ಹೋಗೋದೇ ಕಮ್ಮಿ. ಮೀಟಿಂಗೇ ಭಾಳ ಇರ್ತಾವ. ರೆಫ್ರಿ ರಿಪೋರ್ಟ್ ಬರ್ತದ, ನಾವು ಮ್ಯಾಲ ಕಳಸ್ತೀವಿ. ನಮ್ದು ಭರೋಸಾದ ಮ್ಯಾಲ ನಡಿಯೋ ಸಂಸ್ಥಾ.”

ಇಬ್ಬರು ಪಂಚರ ಸಮಕ್ಷಮ ಆ ಸಾಲಿನ ಪಂದ್ಯ ವರದಿಗಳನ್ನೆಲ್ಲ ಜಪ್ತಿ ಮಾಡಿ ಪಂಚನಾಮೆ ಬರೆದರು. ವರದಿಗಳ ಕೆಳಗೆ ಬೇರೆಬೇರೆ ರೆಫ್ರಿಗಳ ಹೆಸರುಗಳಿದ್ದವು. ಫೋನ್ ಮಾಡಿದರೆ ಒಬ್ಬ ದುಬೈ ಸೇರಿ ಐದು ವರ್ಷವಾಗಿತ್ತು, ಇನ್ನೊಬ್ಬ ಸೀಟಿ ಕೈಲಿ ಹಿಡಿದವನೇ ಅಲ್ಲ.

ಸಂಜೆ ಠಾಣೆಯಲ್ಲಿ ಮಡಿವಾಳಯ್ಯ ಚಿಂಚೋಳಿ ಮೈದಾನದ ಆರು ವರದಿಗಳನ್ನು ಒಂದೊಂದಾಗಿ ಓದುತ್ತ ತಲೆದೂಗತೊಡಗಿದರು. ಯಾವ ನಿಮಿಷಕ್ಕೆ ಗೋಲು, ಯಾವ ಕಾಲಿನಿಂದ, ಗಾಳಿ ಯಾವ ಕಡೆಗೆ, ಎಲ್ಲವೂ ಇತ್ತು.

“ಬರದಾಂವ ಖರೇ ರೆಫ್ರಿ ಇದ್ದಾನ್ರಿ ಮೇಡಂ. ಸುಳ್ಳ ಬರದ್ರೂ ಶಿಸ್ತು ಬಿಟ್ಟಿಲ್ಲ. ಕೇಳ್ರಿ: ಡಿಸೆಂಬರ್ 8. ಆಟ ನಿಂತ ವೇಳೆ: ಗೂಡ್ಸ್ ಗಾಡಿ, ನಾಲ್ಕು ನಿಮಿಷ. ಪೆಟ್ಟು, ಒಂದು ನಿಮಿಷ. ಹೆಚ್ಚಿನ ವೇಳೆ, ಐದು ನಿಮಿಷ. ಎಷ್ಟು ಚಂದ ಕೂಡಸ್ಯಾನ.”

ಜಯಮಾಲಾ ಬೀದರ್ ಕಡೆಯವರು. “ಗೂಡ್ಸ್ ಗಾಡಿಗೂ ಆಟಕ್ಕೂ ಏನ್ ಸಂಬಂಧ ಅಯ್ಯನೋರ?”

“ಅದು ನಮ್ಮ ವಾಡಿ ಪದ್ಧತಿರಿ. ಮೈದಾನದ ಬಾಜೂಕೇ ರೈಲಿನ ಹಳಿ. ಚೆಂಡು ಆ ಕಡಿ ಹಾರಿತು, ಅಷ್ಟರಾಗ ಗೂಡ್ಸ್ ಬಂತು ಅಂದ್ರ ಐವತ್ತೆಂಟು ಡಬ್ಬಿ ದಾಟೋತನ ಎಲ್ಲಾರೂ ಸೊಂಟದ ಮ್ಯಾಲ ಕೈ ಇಟಗೊಂಡು ನಿಂದರಬೇಕು. ರೆಫ್ರಿ ಆ ವೇಳೆ ಬರಕೊಂಡು ಕಡೀಕ ಕೂಡಸ್ತಾನ. ಬ್ಯಾರೆ ಊರಾಗ ಈ ಪದ್ಧತಿ ಇಲ್ಲ.”

ಹೇಳಿ ಮುಗಿಸಿದ ಮಡಿವಾಳಯ್ಯ ಕೈಲಿದ್ದ ಕಾಗದದ ತಲೆಬರಹ ಮತ್ತೊಮ್ಮೆ ನೋಡಿದರು. ಮೈದಾನ: ಚಿಂಚೋಳಿ. ಅವರ ಮುಖ ಸಣ್ಣದಾಯಿತು. ಇಪ್ಪತ್ತು ನಿಮಿಷದಿಂದ ಓದುತ್ತಿದ್ದರೂ ವಾಡಿಯವರಾದ ಅವರಿಗೆ ಆ ಗಾಡಿ ವಿಚಿತ್ರವೆನಿಸಿರಲೇ ಇಲ್ಲ. ರಾಜ್ಯದಲ್ಲಿ, ದಿಲ್ಲಿಯಲ್ಲಿ ಮೊಹರು ಒತ್ತಿದವರಿಗಂತೂ ಚಿಂಚೋಳಿ ಎಲ್ಲಿದೆಯೆಂಬುದೇ ಗೊತ್ತಿರಲಿಕ್ಕಿಲ್ಲ.

“ವಾಡಿ ಮೈದಾನದಾಗ ತಯಾರಾದ ರೆಫ್ರಿ ಎಷ್ಟ್ ಮಂದಿ ಅದಾರ?”

“ಮೂರೇ ಮಂದಿರಿ. ಒಬ್ಬ ತೀರಿಕೊಂಡ. ಒಬ್ಬಾಂವ ಸೊಲ್ಲಾಪುರ ಸೇರ್ಯಾನ.” ಮಡಿವಾಳಯ್ಯ ಮೂರನೆಯ ಹೆಸರು ಹೇಳಲು ತಡಮಾಡಿದರು. “ಚಂದ್ರಾಮ ಸರ್. ಚಿತ್ತಾಪುರದಾಗ ಇರ್ತಾರ. ಸೂರ್ಯಕಾಂತನ ಖಾಸಾ ದೋಸ್ತ್ ರಿ ಅವರು.”

ಮಾರ್ಚ್ 13, ಗುರುವಾರ. ಚಿಂಚೋಳಿಯಲ್ಲಿ ಸ್ಥಳ ಪಂಚನಾಮೆ. ವರದಿಯಲ್ಲಿ ಹೇಳಿದ ಮೈದಾನದಲ್ಲಿ ಗೋಲುಕಂಬಗಳೇ ಇರಲಿಲ್ಲ. ಒಂದು ಮೂಲೆಯಲ್ಲಿ ತೊಗರಿ ಹೊಟ್ಟಿನ ಗುಡ್ಡೆ, ನಡುವೆ ನಾಲ್ಕು ಎಮ್ಮೆ. ಎಮ್ಮೆ ಕಾಯುತ್ತಿದ್ದ ಮುದುಕ ಫುಟ್‌ಬಾಲ್ ಎಂದರೆ ಟಿವಿಯಲ್ಲಿ ನೋಡಿದ್ದೇನೆ ಎಂದ.

“ಇಲ್ಲಿ ಸಮೀಪ ರೈಲು ಎಲ್ಲಿ ಹಾಯ್ತದಜ್ಜಾ?”

“ಇಲ್ಲೆಲ್ಲಿ ರೈಲು ತಾಯಿ? ನೋಡಬೇಕಂದ್ರ ತಾಂಡೂರಿಗಿ ಹೋಗಬೇಕು, ಇಲ್ಲಾ ಸೇಡಂಗ.”

ಅದನ್ನೂ ಪಂಚನಾಮೆಯಲ್ಲಿ ಬರೆದು ಮುದುಕನ ಹೆಬ್ಬೆಟ್ಟು ಹಾಕಿಸಿಕೊಂಡರು.

ಮರಳುವ ದಾರಿಯಲ್ಲಿ ಸೇಡಂ. ಸೂರ್ಯಕಾಂತ ಬದುಕಿದ್ದಾನೆಂದು ಇಲಾಖೆಗೆ ಹೋದ ಹೆಸರಿಲ್ಲದ ಅರ್ಜಿಯ ಮೇಲೆ ಸೇಡಂ ಅಂಚೆಯ ಮುದ್ರೆಯಿತ್ತು. ಜೊತೆಗೆ ಚುನಾವಣೆಯ ಅಭ್ಯರ್ಥಿಗಳಿಗಷ್ಟೇ ಕೊಡುವ ಆಟಗಾರರ ಪಟ್ಟಿಯ ನಕಲು. ಸೋತ ಹಣಮಂತರಾಯ ಹೆಚ್ಚು ಹೊತ್ತು ಸುಳ್ಳು ಹೇಳಲಿಲ್ಲ.

“ಹೌದ್ರಿ, ನಾನೇ ಹಾಕಸೀನಿ. ಅಜಯಕುಮಾರನ ಬಂಡವಾಳ ಹೊರಗ ಬರಬೇಕಿತ್ತು.”

“ಸೂರ್ಯಕಾಂತ ಸತ್ತಿದ್ದು ನಿಮಗ ಗೊತ್ತಿತ್ತು.”

“ಮಣ್ಣಿಗಿ ಹೋಗಿದ್ದೆ.”

“ಮತ್ತ ಸತ್ತಾಂವನ ಹೆಸರು ಬಳಸ್ಯಾರಂತ ಬರೀಬಹುದಿತ್ತಲ್ಲ. ಬದುಕ್ಯಾನಂತ ಯಾಕ ಬರದ್ರಿ?”

“ಹಾಂಗ ಬರದ್ರ ಯಾರೂ ಫೈಲ್ ಮುಟ್ಟಂಗಿಲ್ರಿ. ನೌಕರಿ ನಿಂತ್ರ ಹೆಣ್ಣುಮಕ್ಕಳು ತಾವೇ ಠಾಣೆಗಿ ಹೋಗ್ತಾರ. ಹೋದ್ರಲ್ಲ?”

ಜಯಮಾಲಾಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಹೆಸರು ಹಾಕದೆ ಅರ್ಜಿ ಬರೆದವನ ಮೇಲೆ ಹಾಕಲು ಗಟ್ಟಿಯಾದ ಕಲಂ ಸಿಗುವುದು ಅನುಮಾನ. ಹೇಳಿಕೆ ಬರೆದುಕೊಂಡು ಸಹಿ ಮಾಡಿಸಿ ಎದ್ದರು. ಅವನು ಬಾಗಿಲತನಕ ಬಂದು ಕೈಮುಗಿದು ಬೀಳ್ಕೊಟ್ಟ.

ಮಾರ್ಚ್ 14, ಬೆಳಿಗ್ಗೆ 9.30. ಚಿತ್ತಾಪುರದಲ್ಲಿ ಚಂದ್ರಾಮನ ಮನೆ. ಅರವತ್ತೊಂದರ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈಗೆ ಒಂದೊಂದು ಗಡಿಯಾರ. ಒಂದು ಆಟದ ವೇಳೆಗೆ, ಇನ್ನೊಂದು ನಿಂತ ವೇಳೆಗೆ, ನಿವೃತ್ತಿಯಾದರೂ ಬಿಚ್ಚಿರಲಿಲ್ಲ. ಜಯಮಾಲಾ ಆತನೇ ಸಹಿ ಮಾಡಿದ ಹಳೆಯ ವಾಡಿ ವರದಿಯನ್ನೂ ಚಿಂಚೋಳಿಯ ವರದಿಯನ್ನೂ ಅಕ್ಕಪಕ್ಕ ಇಟ್ಟರು.

“ಇದು ನೀವು ಬರದದ್ದು?”

“ವಾಡೀದು ನಂದೇರಿ.”

“ಚಿಂಚೋಳೀದು?”

“ನಾ ಅಲ್ರಿ.”

“ಚಿಂಚೋಳ್ಯಾಗ ಗೂಡ್ಸ್ ಗಾಡಿ ಯಾವ ಹಳಿ ಮ್ಯಾಲ ಬಂತ್ರಿ ಸರ್?”

ಚಂದ್ರಾಮ ಕನ್ನಡಕ ಸರಿಪಡಿಸಿಕೊಂಡು ಕಾಗದದ ಮೇಲೆ ಬಾಗಿದ. ಒಂದೊಂದು ವರದಿಯನ್ನೂ ತಿರುವಿದ. ಆರರಲ್ಲಿ ನಾಲ್ಕರಲ್ಲಿ ಗಾಡಿ ಹಾದುಹೋಗಿತ್ತು. ತನ್ನ ತಪ್ಪನ್ನು ತಾನೇ ಎಣಿಸಿ ನೋಡಿದ ಮೇಲೆ ಕುರ್ಚಿಗೆ ಒರಗಿದ.

“ಮೂವತ್ತು ವರ್ಷದ ರೂಢಿರಿ. ಕೈ ತಾನೇ ಬರದು ಬಿಟ್ಟದ.”

10.50ಕ್ಕೆ ಬಂಧನ. ಕೈಬರಹದ ಮಾದರಿ ಕಲಬುರಗಿಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಆಡದ ನಾಲ್ಕು ಕ್ಲಬ್ಬುಗಳಿಗೆ ಇಪ್ಪತ್ತನಾಲ್ಕು ಪಂದ್ಯ ಬರೆದುಕೊಡಲು ಹೇಳಿದವನು ಅಜಯಕುಮಾರ. ಪ್ರತಿಯಾಗಿ ಏಷ್ಯಾ ಮಟ್ಟದ ಪಂದ್ಯ ಆಯುಕ್ತರ ಪಟ್ಟಿಯಲ್ಲಿ ಹೆಸರು ಸೇರಿಸುವ ಮಾತು. ಹೊಸ ಆಟಗಾರರ ನೋಂದಣಿಗೆ ಬೆರಳಚ್ಚು ಬೇಕು. ಹಳಬರ ನಂಬರಾದರೆ ನವೀಕರಿಸಿದರೆ ಸಾಕು. ಅದಕ್ಕೇ ಚಂದ್ರಾಮ ಹಳೆಯ ಪಟ್ಟಿ ತೆಗೆದಿದ್ದ.

“ದೋಸ್ತ್ ಸತ್ತಾನಂತ ಗೊತ್ತಿದ್ದೂ ಅವನ ಹೆಸರು ಹಾಕಿದ್ರೇನು?” ಎಂದರು ಜಯಮಾಲಾ.

ಚಂದ್ರಾಮ ಎರಡೂ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. “1998ರಾಗ ಕಲಬುರಗ್ಯಾಗ ಫೈನಲ್ ರಿ. ರಾಜ್ಯ ತಂಡಕ್ಕ ಆರಿಸೋವರು ಬಂದು ಕುಂತಿದ್ರು. ಎಂಬತ್ತೆಂಟನೇ ನಿಮಿಷಕ್ಕ ಸೂರ್ಯಾ ಗೋಲ್ ಹೊಡದ. ನಾ ಲೈನ್ಸ್‌ಮನ್. ಅಂವ ಆಫ್‌ಸೈಡ್ ಇರಲಿಲ್ರಿ. ಒಂದು ಗಜ ಹಿಂದೇ ಇದ್ದ. ಆದ್ರೂ ನಾ ಬಾವುಟ ಎತ್ತಿದೆ.”

“ಯಾಕ?”

“ಆ ಜಾಗ ದೊಡ್ಡವರ ಮಗನಿಗಿ ಅಂತ ಆಟಕ್ಕಿಂತ ಮುಂಚೇ ಸಂಸ್ಥಾದವರು ಹೇಳಿದ್ರು. ನ್ಯಾಷನಲ್ ರೆಫ್ರಿ ಪರೀಕ್ಷಾಕ್ಕ ನನ್ನ ಹೆಸರು ಕಳಸ್ತೀವಂದ್ರು. ಕಳಸಲಿಲ್ಲ. ಸೂರ್ಯಾ ಮಾತ್ರ ಸಾಯೋತನ ನನ್ನ ಮನಿಗಿ ಬಂದು ಚಹಾ ಕುಡೀತಿದ್ದ. ನಾನೇ ಲಗೂ ಓಡಿಬಿಟ್ಟೆ, ನಂದೇ ತಪ್ಪು ಅಂತಿದ್ದ. ನಾ ಬಾಯಿ ಬಿಡಲಿಲ್ಲ. ಹೆಂಗೂ ಸುಳ್ಳೇ ಬರೀಬೇಕಂದಾಗ, ಅವನ ಗೋಲ್ ಅವನಿಗಿ ಕೊಡಬೇಕು ಅನಸ್ತ್ರಿ. ಒಂದು ಬರದೆ. ಬರೀತಾ ಹ್ವಾದಂಗ ಹದಿನಾಲ್ಕಾದ್ವು. ಪೂನಮ್ ನೌಕರಿ ಇದರಾಗ ಸಿಕ್ಕಿಬೀಳ್ತದಂತ ಕನಸಿನ್ಯಾಗೂ ಅಂದುಕೊಂಡಿಲ್ರಿ.”

ಬಾವುಟ ಎತ್ತು ಎಂದವರಿಗೆ ಒಮ್ಮೆ, ಬರೆ ಎಂದವರಿಗೆ ಇನ್ನೊಮ್ಮೆ ತಲೆಬಾಗಿಸಿದ ಈ ಮನುಷ್ಯನಿಗೆ ಎರಡು ಸಲವೂ ಸಿಕ್ಕಿದ್ದು ಬರೀ ಮಾತು. ಅವನ ಮೇಲೆ ಸಿಟ್ಟು ಬರಬೇಕಾದ ಜಾಗದಲ್ಲಿ ಜಯಮಾಲಾಗೆ ಸಂಕಟವಾಯಿತು. ಹಣಮವ್ವನ ಮುಖ ನೆನೆದ ಮೇಲೆ ಸಿಟ್ಟೂ ಬಂತು.

ಅಜಯಕುಮಾರ ಮಾರ್ಚ್ 17ಕ್ಕೆ ನಿರೀಕ್ಷಣಾ ಜಾಮೀನು ತಂದ. ರೆಫ್ರಿಯನ್ನು ನಂಬಿ ತಮ್ಮ ಕಕ್ಷಿದಾರನೂ ಮೋಸಹೋದ ಎಂದು ಅವನ ವಕೀಲರು ವಾದಿಸಿದರು. ಏಪ್ರಿಲ್ ಕೊನೆಯಲ್ಲಿ, ರಾಷ್ಟ್ರೀಯ ಒಕ್ಕೂಟದ ಶಿಫಾರಸಿನ ಮೇಲೆ, ಏಷ್ಯಾದ ಸಮಿತಿಗೆ ಅವನು ಅವಿರೋಧವಾಗಿ ಆಯ್ಕೆಯಾದ. ಯಾವ ಸಮಿತಿ ಗೊತ್ತೆ? ಶಿಸ್ತು ಮತ್ತು ನೈತಿಕತೆಯ ಸಮಿತಿ. ಶಹಾಬಾದಿನಲ್ಲಿ ಪಟಾಕಿ ಹೊಡೆದರು.

ಇತ್ತ ಇಲಾಖೆ ಜಯಮಾಲಾರ ತನಿಖಾ ವರದಿಯನ್ನು ಓದಿ, ಕೇಸು ಇತ್ಯರ್ಥವಾಗುವವರೆಗೆ ಅದು ಸಾಲದು ಎಂದಿತು. ಸಂಸ್ಥೆಯಿಂದಲೇ ಒಂದು ಪತ್ರ ಬೇಕು, ಅದಕ್ಕೆ ಅಧ್ಯಕ್ಷರ ಸಹಿ ಇರಬೇಕು. ಪೂನಮ್ ಆರು ಸಲ ಶಹಾಬಾದಿಗೆ ಅಲೆದಳು. ಮೇ 28ರಂದು ಪತ್ರ ಸಿಕ್ಕಿತು. ಅದರ ನಕಲು ಕೊಡಲು ತಾಯಿ ಮಗಳು ಠಾಣೆಗೆ ಬಂದರು.

ವಕೀಲರು ಅಳೆದು ತೂಗಿ ಬರೆಸಿದ್ದ ಒಂದೇ ಸಾಲು: ‘ಸೂರ್ಯಕಾಂತ ಎಂಬ ಹೆಸರಿನ ಯಾವ ಆಟಗಾರನೂ ನಮ್ಮ ಸಂಸ್ಥೆಯಲ್ಲಿ ಎಂದೂ ಆಡಿರುವುದಿಲ್ಲ, ಸದರಿ ನೋಂದಣಿಯನ್ನು ಆರಂಭದಿಂದಲೇ ರದ್ದುಪಡಿಸಲಾಗಿದೆ.’

“ಎಂದೂ ಆಡಿಲ್ಲ ಅಂತ ಬರದಾರ,” ಎಂದರು ಮಡಿವಾಳಯ್ಯ. “ನಾ ಅವನ ಎದುರು ಆಡೀನಲ್ರಿ. ಹದಿನೇಳು ವರ್ಷ ಆಡ್ಯಾನ.”

“ಇದು ಬ್ಯಾಡ ಅಂದ್ರ ಬ್ಯಾರೆ ಕೊಡಂಗಿಲ್ಲ ಅಂದ್ರು,” ಎಂದಳು ಪೂನಮ್. “ಶನಿವಾರ ಕಡೀ ದಿನ ಅದರಿ.”

ಜಯಮಾಲಾ ಹಣಮವ್ವನಿಗೆ ಚಂದ್ರಾಮನ ಹೇಳಿಕೆಯ ವಿಷಯ ತಿಳಿಸಿದರು. 1998ರ ಫೈನಲ್‌ನ ಆ ಗೋಲು ಸರಿಯಾಗಿತ್ತು, ತಪ್ಪು ನಿಮ್ಮ ಯಜಮಾನರದಲ್ಲ ಎಂದರು. ಹಣಮವ್ವ ಮೇಜಿನ ಹತ್ತಿರಕ್ಕೆ ಸರಿದಳು.

“ಹಾಂಗಂತ ಕಾಗದದಾಗ ಅದ ಏನ್ರಿ ಬಾಯಿಸಾಹೇಬ್ರ?”

“ಅದವ್ವಾ. ಆದ್ರ ಪೊಲೀಸ್ರ ಮುಂದ ಕೊಟ್ಟ ಹೇಳಿಕೆ ಕೋರ್ಟ್‌ನ್ಯಾಗ ನಡಿಯಂಗಿಲ್ಲ.”

ಹಣಮವ್ವ ತಲೆಯಾಡಿಸಿದಳು. ಮಗಳ ಕೈಯಿಂದ ಪತ್ರ ತೆಗೆದುಕೊಂಡು, ಓದಲು ಬಾರದಿದ್ದರೂ ಗಂಡನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗದ ಮೇಲೆ ಬೆರಳಿಟ್ಟಳು.

“ಒಯ್ದು ಕೊಡು,” ಎಂದಳು ಮಗಳಿಗೆ. “ಅಪ್ಪ ಆಡೇ ಇಲ್ಲ ಅಂತ ಹೇಳು.”

ಪೂನಮ್ ಪತ್ರವನ್ನು ಮರಣ ಪ್ರಮಾಣಪತ್ರದ ಮೇಲಿಟ್ಟು ಫೈಲು ಮುಚ್ಚಿದಳು. ಮಧ್ಯಾಹ್ನ 12.20ರ ಕಲಬುರಗಿ ಬಸ್ಸಿಗೆ ಇಬ್ಬರೂ ಹೋದರು.